ಬಿಡಿಸಲು ಬರುವ ಅಂಟು: ಸ್ಯಾಕ್ಸ್, ಕ್ಲಾರಿನೆಟ್ ಪ್ಯಾಡ್ ಕೂರಿಸುವ ಬಗ್ಗೆ

(ಮೈಸೂರಿನಲ್ಲಿ ವಾಲಗ ಮತ್ತು ಬ್ಯಾಂಡ್ ಕಲಾವಿದರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಸ್ಯಾಕ್ಸ್, ಅಂದರೆ ಸ್ಯಾಕ್ಸೊಫೋನ್, ನುಡಿಸುವವರೇ ಜಾಸ್ತಿ. ಕ್ಲಾರಿನೆಟ್‌ನವರೂ ಕೆಲವರಿದ್ದೀರಿ. ಪ್ಯಾಡ್ ಅಂದರೆ ಕೀ ಒತ್ತಿದಾಗ ವಾದ್ಯದ ರಂಧ್ರವನ್ನು ಮುಚ್ಚುವ ಮೆತ್ತನೆಯ ಬಿಲ್ಲೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಪ್ಯಾಡ್ ಸರಿಯಾಗಿ ಕೂರದಿದ್ದರೆ ಏನಾಗುತ್ತದೆ ಅನ್ನುವುದು ನಿಮ್ಮ ತುಟಿಗೂ ಎದೆಗೂ ಗೊತ್ತು. ಕೆಳಗಿನ ಸ್ವರ ಬರುವುದಿಲ್ಲ. ಬಂದರೂ ಗೊರಗೊರ ಅನ್ನುತ್ತದೆ, ಇಲ್ಲವೇ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ಆಗ ನೀವು ಇನ್ನಷ್ಟು ಜೋರಾಗಿ ಊದುತ್ತೀರಿ. ರೀಡ್ ಬದಲಾಯಿಸುತ್ತೀರಿ, ಮೌತ್‌ಪೀಸ್ ಬದಲಾಯಿಸುತ್ತೀರಿ. ಎಷ್ಟೋ ಸಲ ತೊಂದರೆ ಇರುವುದು ಒಂದೇ ಒಂದು ಪ್ಯಾಡಿನ ಬೆನ್ನಿಗೆ ಹಚ್ಚಿದ ಅಂಟಿನಲ್ಲಿ.

ಇವತ್ತು ನಾನು ಮಾತಾಡುವುದು ಆ ಅಂಟಿನ ಬಗ್ಗೆ. ನಾನು ಹೇಳಬೇಕಾದ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಯಾಡಿನ ಅಂಟು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ನೋಡಬೇಡಿ. ಬೇಕು ಅಂದಾಗ ಎಷ್ಟು ಸಲೀಸಾಗಿ ಬಿಡುತ್ತದೆ ಅಂತ ನೋಡಿ.

ಕೇಳಲು ವಿಚಿತ್ರ ಅನಿಸಬಹುದು. ಆದರೆ ಸ್ವಲ್ಪ ಯೋಚಿಸಿ. ಪ್ಯಾಡ್ ಕೂರುವುದು ಕೀ ತುದಿಯ ಲೋಹದ ಬಟ್ಟಲಿನಲ್ಲಿ. ಅದನ್ನು ಬಟ್ಟಲಿನಿಂದ ಹೊರಗೆ ಎಳೆಯುವ ಶಕ್ತಿ ಯಾವುದು? ಕೀ ಒತ್ತಿದಾಗ ಪ್ಯಾಡ್ ಬಟ್ಟಲಿನ ಒಳಕ್ಕೇ ಒತ್ತಿಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ಕೀ ಬಿಟ್ಟಾಗ ಅದನ್ನು ಎಳೆಯುವುದು ರಂಧ್ರದ ಅಂಚಿನಲ್ಲಿ ಅಂಟಿಕೊಂಡ ಎಂಜಲಿನ ಜಿಗುಟು ಮಾತ್ರ. ಅಷ್ಟಕ್ಕೆ ಕಲ್ಲಿನಂಥ ಅಂಟು ಯಾಕೆ ಬೇಕು? ಬಟ್ಟಲಿನ ಗೋಡೆಯೂ ಸುತ್ತಲಿಂದ ಪ್ಯಾಡನ್ನು ಹಿಡಿದುಕೊಂಡಿರುತ್ತದೆ. ಹಿಡಿಯುವುದು ಇಲ್ಲಿ ಅಂಟಿನ ಸಣ್ಣ ಕೆಲಸ. ದೊಡ್ಡ ಕೆಲಸ ಬೇರೆಯೇ ಇದೆ.

ಒಂದು ಸ್ಯಾಕ್ಸ್ ಪ್ಯಾಡನ್ನು ಕೈಯಲ್ಲಿ ಹಿಡಿದು ನೋಡಿ. ಹಿಂದೆ ದಪ್ಪ ರಟ್ಟು. ಅದರ ಮೇಲೆ ಉಣ್ಣೆಯ ಫೆಲ್ಟ್. ಅದರ ಮೇಲೆ ತೆಳುವಾದ ಚರ್ಮ. ನಡುವೆ ಲೋಹದ ಅಥವಾ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ, ಅದನ್ನು ರೆಸೊನೇಟರ್ ಅನ್ನುತ್ತಾರೆ. ಒಟ್ಟು ದಪ್ಪ ಸುಮಾರು 4 ಮಿಲಿಮೀಟರ್. ಈ ಪ್ಯಾಡ್ ಕೀ ತುದಿಯ ಬಟ್ಟಲಿನಲ್ಲಿ ಕೂರುತ್ತದೆ. ಕೀಯ ಇನ್ನೊಂದು ಕಡೆ ಒಂದು ಉದ್ದ ಕೊಳವೆ ಇದೆಯಲ್ಲ, ಅದರೊಳಗೆ ಕಂಬಿ ಹಾದುಹೋಗುತ್ತದೆ. ಕೀ ತಿರುಗುವುದು ಆ ಕಂಬಿಯ ಮೇಲೆ. ಅಂದರೆ ಪ್ಯಾಡ್ ನೇರವಾಗಿ ಕೆಳಗೆ ಇಳಿಯುವುದಿಲ್ಲ. ಬಾಗಿಲು ಮುಚ್ಚಿದ ಹಾಗೆ ಒಂದು ಪಕ್ಕದಿಂದ ತಿರುಗಿ ಬಂದು ರಂಧ್ರದ ಮೇಲೆ ಕೂರುತ್ತದೆ.

ಇಲ್ಲೇ ಎಲ್ಲ ಇರುವುದು. ಪ್ಯಾಡ್ ದಪ್ಪವಾದರೆ ಕಂಬಿಯ ಕಡೆಯ ಅಂಚು ಮೊದಲು ತಾಗುತ್ತದೆ, ಮುಂದಿನ ಅಂಚು ತೆರೆದೇ ಉಳಿಯುತ್ತದೆ. ತೆಳುವಾದರೆ ಮುಂದಿನ ಅಂಚು ಮೊದಲು ತಾಗುತ್ತದೆ, ಹಿಂದೆ ಗಾಳಿ ಸೋರುತ್ತದೆ. ಸುತ್ತಲೂ ಒಂದೇ ಹೊತ್ತಿಗೆ ತಾಗಬೇಕು. ಆದರೆ ಬಟ್ಟಲಿನ ತಳ ಯಾವತ್ತೂ ಪೂರ್ತಿ ಸಮ ಇರುವುದಿಲ್ಲ. ರಂಧ್ರದ ಅಂಚೂ ಪೂರ್ತಿ ಸಮ ಇರುವುದಿಲ್ಲ, ಅದರಲ್ಲೂ ಮದುವೆ ಮನೆಗಳನ್ನು ನೂರಾರು ಕಂಡ ವಾದ್ಯಗಳಲ್ಲಿ. ಈ ಎರಡು ಅಸಮಗಳ ನಡುವೆ ಪ್ಯಾಡನ್ನು ಸಮವಾಗಿ ನಿಲ್ಲಿಸುವ ಹಾಸಿಗೆಯೇ ಅಂಟು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪ್ಯಾಡ್ ಅದರ ಮೇಲೆ ತೇಲುತ್ತಿರುತ್ತದೆ ಅಂತಲೇ ನಾವು ರಿಪೇರಿಯವರು ಹೇಳುವುದು. ಆ ಅಂಟು ಬಿಸಿ ಮಾಡಿದಾಗ ಮೆತ್ತಗಾಗಬೇಕು, ಪ್ಯಾಡನ್ನು ಆ ಕಡೆ ಈ ಕಡೆ ಸರಿಸಲು ಬಿಡಬೇಕು, ತಣ್ಣಗಾದ ಮೇಲೆ ಕದಲಬಾರದು. ಐದು ವರ್ಷ ಬಿಟ್ಟು ಬೇರೆ ಯಾರೋ ಬಿಸಿ ಮಾಡಿದರೂ ಹಾಗೇ ಬಿಟ್ಟುಕೊಡಬೇಕು.

ನಮ್ಮ ಸಂಗೀತಕ್ಕೆ ಇದು ಇನ್ನೂ ಮುಖ್ಯ ಅಂತ ನನಗೆ ಅನಿಸುತ್ತದೆ. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದಾಗ ಈ ವಾದ್ಯದ ಕೀಗಳನ್ನು ಪೂರ್ತಿ ತೆರೆಯಲು ಇಲ್ಲವೇ ಪೂರ್ತಿ ಮುಚ್ಚಲು ಮಾಡಿದ್ದು. ಕದ್ರಿ ಗೋಪಾಲನಾಥ್ ಅವರು ಹುಡುಗನಾಗಿದ್ದಾಗ ಇದೇ ಮೈಸೂರಿನಲ್ಲಿ ಅರಮನೆ ಬ್ಯಾಂಡಿನವರು ನುಡಿಸುತ್ತಿದ್ದ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಆಮೇಲೆ ವರ್ಷಗಟ್ಟಲೆ ಸಾಧನೆ ಮಾಡಿ ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ತಂದರು. ಇವತ್ತು ಮಂಡ್ಯ, ಮೈಸೂರಿನ ಕಡೆ ಎಷ್ಟೋ ಮದುವೆಗಳಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸ್ ಕೂತಿದೆ. ನೀವು ಗಮಕ ಎಳೆಯುವಾಗ ಕೀಯನ್ನು ಟಪ್ ಅಂತ ಬಿಡುವುದಿಲ್ಲ ಅಲ್ವಾ? ಬೆರಳನ್ನು ನಿಧಾನವಾಗಿ ಎತ್ತುತ್ತೀರಿ. ಕಾಲು ಭಾಗ, ಅರ್ಧ ಭಾಗ ತೆರೆಯುತ್ತೀರಿ. ಆಗ ಪ್ಯಾಡ್ ಸುತ್ತಲೂ ಒಟ್ಟಿಗೇ ಬಿಟ್ಟರೆ ಸ್ವರ ಜಾರುತ್ತದೆ. ಒಂದು ಅಂಚು ಮೊದಲು ಬಿಟ್ಟರೆ ಸ್ವರ ಜಾರುವ ಬದಲು ಮುಗ್ಗರಿಸುತ್ತದೆ. ಬ್ಯಾಂಡ್ ಸೆಟ್ಟಿನಲ್ಲಿ ಮಾರ್ಚ್ ನುಡಿಸುವವರಿಗೆ ಗೊತ್ತೇ ಆಗದ ಕೊರತೆ ತೋಡಿ ರಾಗ ನುಡಿಸುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಅಂಟಿಗೆ ಬರುತ್ತೇನೆ. ಮೊದಲನೆಯದು ಅರಗು. ಯೂರೋಪು, ಅಮೆರಿಕದ ರಿಪೇರಿಯವರು ತುಂಬಾ ಕಾಲದಿಂದ ನೆಚ್ಚಿಕೊಂಡಿರುವುದು ಇದನ್ನೇ. ಶೆಲ್ಯಾಕ್ ಅಂತ ಕಡ್ಡಿಗಳ ರೂಪದಲ್ಲಿ ಸಿಗುತ್ತದೆ. ಆ ಕಡ್ಡಿಗಳನ್ನು ಹೊರದೇಶದಿಂದ ತರಿಸಿಕೊಂಡು ದುಬಾರಿ ಬೆಲೆ ಕೊಡುವವರು ಇಲ್ಲೂ ಇದ್ದಾರೆ. ಆದರೆ ಆ ಮಾಲು ಹುಟ್ಟುವುದು ನಮ್ಮಲ್ಲೇ. ಅರಗಿನ ಹುಳು ಮುತ್ತುಗ, ಎಲಚಿ, ಕುಸುಮ್ ಮರಗಳ ಎಳೆ ರೆಂಬೆಗಳ ರಸ ಹೀರಿ ಮೈಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಅದನ್ನು ಕೆರೆದು, ತೊಳೆದು, ಕರಗಿಸಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಹಾಳೆಯಂತೆ ಎಳೆದು ಮುರಿದರೆ ಚಪಡಾ. ಜಾರ್ಖಂಡ್, ಛತ್ತೀಸಗಢದ ಕಡೆ ಇದು ದೊಡ್ಡ ಬೆಳೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ನಮ್ಮ ಸೀಮೆಗೂ ಅರಗಿಗೂ ಹಳೆಯ ನಂಟಿದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ಮೈಸೂರಿನ ಕಾರ್ಖಾನೆ ಎಲ್ಲರಿಗೂ ಗೊತ್ತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಶುರುವಾದಾಗ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಶಾಯಿ ಬಂದದ್ದು 1962ರಲ್ಲಿ, ಅರಗು ಅದಕ್ಕಿಂತ ಮುಂಚಿನದು. ಲಕೋಟೆಗೆ, ಮತಪೆಟ್ಟಿಗೆಗೆ ಮುದ್ರೆ ಒತ್ತುವ ಅರಗನ್ನೂ ಅವರು ಮಾಡಿದ್ದಾರೆ. ಬೆಂಗಳೂರು ದಾರಿಯಲ್ಲಿ ಚನ್ನಪಟ್ಟಣ ಇದೆ. ಅಲ್ಲಿ ಲೇತ್ ಮೇಲೆ ತಿರುಗುವ ಹಾಲೆ ಮರದ ಗೊಂಬೆಗೆ ಬಣ್ಣದ ಕಡ್ಡಿ ಒತ್ತುತ್ತಾರಲ್ಲ, ಅದೂ ಅರಗೇ. ತಿಕ್ಕಿದ ಬಿಸಿಗೆ ಕರಗಿ ಮರಕ್ಕೆ ಹತ್ತುತ್ತದೆ, ತಣಿದು ಹೊಳೆಯುತ್ತದೆ. ಹಳೇ ಕಾಲದ 78 ಸುತ್ತಿನ ಗ್ರಾಮಫೋನ್ ತಟ್ಟೆಗಳೂ ಅರಗಿನಿಂದಲೇ ಆದವು. ಸಂಗೀತವನ್ನು ಹಿಡಿದಿಟ್ಟುಕೊಂಡ ವಸ್ತುವೇ ನಿಮ್ಮ ಪ್ಯಾಡನ್ನೂ ಹಿಡಿದುಕೊಂಡಿದೆ ಅಂದರೆ ನನಗೆ ಸಂತೋಷವಾಗುತ್ತದೆ.

ಅರಗಿನ ಗುಣ ಏನು? ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ತಣ್ಣಗಾದರೆ ಗಾಜಿನ ಹಾಗೆ ಗಟ್ಟಿ. ಈ ಗಟ್ಟಿತನವೇ ಅದರ ದೊಡ್ಡಸ್ತಿಕೆ. ಒಮ್ಮೆ ಸಮ ಮಾಡಿ ಬಿಟ್ಟರೆ ಪ್ಯಾಡ್ ಕೂದಲೆಳೆಯಷ್ಟೂ ಸರಿಯುವುದಿಲ್ಲ. ತೆಗೆಯಬೇಕಾದರೆ ಬಟ್ಟಲನ್ನು ಬಿಸಿ ಮಾಡಿ ಸೂಜಿಯಿಂದ ಎತ್ತಿದರೆ ಆಯಿತು. ಉಳಿದ ಚೂರುಗಳು ಸ್ಪಿರಿಟ್ಟಿನಲ್ಲಿ ಕರಗುತ್ತವೆ. ವಾದ್ಯಕ್ಕೆ ಏನೂ ಆಗುವುದಿಲ್ಲ.

ಕೆಟ್ಟ ಗುಣಗಳೂ ಇವೆ. ಗಟ್ಟಿ ಇರುವುದರಿಂದ ಏಟಿಗೆ ಬಿರುಕು ಬಿಡುತ್ತದೆ. ವಾದ್ಯ ಕೈಜಾರಿ ನೆಲಕ್ಕೆ ತಾಗಿದರೆ ಪ್ಯಾಡ್ ಉದುರಬಹುದು. ಇನ್ನೊಂದನ್ನು ತುಂಬಾ ಜನ ಗಮನಿಸುವುದಿಲ್ಲ. ಅರಗನ್ನು ಮತ್ತೆ ಮತ್ತೆ ಕಾಯಿಸುತ್ತಾ ಹೋದರೆ ಅದು ಕರಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮೆತ್ತಗಾಗುವ ಬದಲು ರಬ್ಬರಿನಂತೆ ಎಳೆಯಲು ಶುರುವಾಗುತ್ತದೆ, ಆಮೇಲೆ ಸುಡುತ್ತದೆ. ಹಾಗಾಗಿ ಹಳೇ ಅರಗಿನ ಮೇಲೆ ಹೊಸ ಅರಗು ಹಾಕಿ ಕೆಲಸ ಮುಗಿಸಬೇಡಿ. ಬಟ್ಟಲಿನ ತಳ ಹೊಳೆಯುವವರೆಗೂ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ. ಒರೆಸಿದ ಮೇಲೆ ಪೂರ್ತಿ ಒಣಗಲು ಬಿಡಿ. ಸ್ಪಿರಿಟ್ ಬಾಟಲಿಯ ಮುಚ್ಚಳ ಹಾಕಿ, ದೂರ ಇಟ್ಟು, ಆಮೇಲೆ ಬೆಂಕಿ ಹಚ್ಚಿ. ಚಿಕ್ಕ ಮನೆಯಲ್ಲಿ ಮೇಜಿನ ಮೇಲೇ ಕೆಲಸ ಮಾಡುವವರು ಈ ಮಾತನ್ನು ದಯವಿಟ್ಟು ಮರೆಯಬೇಡಿ.

ಕೂರಿಸುವ ಕ್ರಮ ಹೇಳುತ್ತೇನೆ. ಕೀಯನ್ನು ವಾದ್ಯದಿಂದ ಬಿಚ್ಚಿ. ಚಪಡಾ ಚೂರುಗಳನ್ನು ಬಟ್ಟಲಿನ ತಳ ಪೂರ್ತಿ ಮುಚ್ಚುವಷ್ಟು ಹಾಕಿ. ಸುಮ್ನೆ ನಡುವೆ ಒಂದು ಬೊಟ್ಟು ಹಾಕಿದರೆ ಸಾಲದು. ಹಾಗೆ ಹಾಕಿದರೆ ಪ್ಯಾಡಿನ ಅಂಚುಗಳಿಗೆ ಆಸರೆ ಇರುವುದಿಲ್ಲ, ಆರು ತಿಂಗಳಲ್ಲಿ ಅಂಚು ಕುಸಿಯುತ್ತದೆ. ಸ್ಪಿರಿಟ್ ದೀಪದ ಉರಿಯನ್ನು ಬಟ್ಟಲಿನ ಹೊರ ಬೆನ್ನಿಗೆ ತೋರಿಸಿ. ಕೈ ಒಂದೇ ಕಡೆ ನಿಲ್ಲಬಾರದು, ಆಡುತ್ತಲೇ ಇರಬೇಕು. ನಿಂತರೆ ಲೋಹದ ಮೇಲಿನ ಹೊಳಪಿನ ಲೇಪ, ಅಂದರೆ ಲ್ಯಾಕರ್, ಕಂದುಬಣ್ಣಕ್ಕೆ ತಿರುಗುತ್ತದೆ. ಬೆರಳಿಡುವ ಮುತ್ತಿನ ಬಿಲ್ಲೆ ಇರುವ ಕೀ ಆದರೆ ಉರಿ ಆ ಕಡೆ ಸುಳಿಯಲೂ ಬಾರದು. ಅನೇಕ ವಾದ್ಯಗಳಲ್ಲಿ ಅದು ಪ್ಲಾಸ್ಟಿಕ್.

ಅರಗು ಜೇನಿನಷ್ಟು ಹರಿಯಲು ಶುರುವಾದಾಗ ಪ್ಯಾಡ್ ಇಟ್ಟು ಒತ್ತಿ. ಅಂಚಿನಿಂದ ಹೊರಗೆ ಉಕ್ಕಿ ಬಂದರೆ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ. ಕೀಯನ್ನು ವಾದ್ಯಕ್ಕೆ ಜೋಡಿಸಿ. ಈಗ ಬೆಳಕು ಬೇಕು. ದಸರಾಕ್ಕೆ ಮನೆ ಮುಂದೆ ಹಾಕುವ ಎಲ್‌ಇಡಿ ಸೀರಿಯಲ್ ಸೆಟ್ ಇದೆಯಲ್ಲ, ಸಣ್ಣ ತಂತಿಯದು, ಅದನ್ನೇ ಬೆಲ್ ಕಡೆಯಿಂದ, ಅಂದರೆ ವಾದ್ಯದ ಅಗಲ ಬಾಯಿಯಿಂದ, ಒಳಗೆ ಬಿಡಿ. ಕೋಣೆಯ ದೀಪ ಆರಿಸಿ. ಕೀಯನ್ನು ಹಗುರವಾಗಿ ಮುಚ್ಚಿ, ಸುತ್ತಲೂ ನೋಡಿ. ಬೆಳಕು ಎಲ್ಲಿ ಕಾಣುತ್ತದೋ ಅಲ್ಲಿ ಗಾಳಿ ಸೋರುತ್ತದೆ. ಬಟ್ಟಲನ್ನು ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿ, ತೆಳುವಾದ ಲೋಹದ ಪಟ್ಟಿಯನ್ನು ಪ್ಯಾಡ್ ಮತ್ತು ರಂಧ್ರದ ನಡುವೆ ತೂರಿಸಿ, ಬೆಳಕು ಬರುವ ಕಡೆಯ ಅಂಚನ್ನು ಬಟ್ಟಲಿನಿಂದ ಒಂದಿಷ್ಟೇ ಹೊರಗೆ ಎಳೆದುಕೊಳ್ಳಿ. ಎದುರು ಅಂಚನ್ನು ಒಳಕ್ಕೆ ಒತ್ತಿ. ತಣಿಯುವವರೆಗೂ ಕೀ ಹಗುರವಾಗಿ ಮುಚ್ಚಿರಲಿ. ಮತ್ತೆ ನೋಡಿ. ಒಂದು ಪ್ಯಾಡಿಗೆ ಹೀಗೆ ನಾಲ್ಕೈದು ಸಲವಾದರೂ ಆಗುತ್ತದೆ.

ಕೊನೆಗೆ ಸಿಗರೇಟು ಹಾಳೆಯ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗೆ ಇಟ್ಟು ಎಳೆದು ನೋಡಿ. ಮುಂದೆ, ಹಿಂದೆ, ಎಡ, ಬಲ. ನಾಲ್ಕು ಕಡೆಯೂ ಒಂದೇ ಬಿಗಿ ಇರಬೇಕು. ಇಲ್ಲಿ ಕಣ್ಣಿಗಿಂತ ಬೆರಳನ್ನು ನಂಬಿ. ಬೆಳಕು ಕಾಣದ ಕಡೆಯೂ ಹಾಳೆ ಸಡಿಲ ಇರುತ್ತದೆ. ಕ್ಲಾಂಪ್ ಹಾಕಿ ಬಿಗಿಯಾಗಿ ಒತ್ತಿಟ್ಟು ಪ್ಯಾಡಿನ ಮೇಲೆ ಆಳವಾದ ಗುರುತು ಬೀಳಿಸುವವರಿದ್ದಾರೆ. ಆ ಹೊತ್ತಿಗೆ ಎಲ್ಲ ಮುಚ್ಚಿದ ಹಾಗೆ ಕಾಣುತ್ತದೆ. ಫೆಲ್ಟ್ ಮತ್ತೆ ಉಬ್ಬಿದಾಗ ಸೋರಿಕೆ ತಿರುಗಿ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಎರಡನೆಯದು ಹಾಟ್ ಗ್ಲೂ. ಗ್ಲೂ ಗನ್ನಿಗೆ ಹಾಕುವ ಬಿಳಿ ಕಡ್ಡಿ. ಅರಗಿನ ಕಟ್ಟಾ ಅಭಿಮಾನಿಗಳು ಇದನ್ನು ಕೀಳಾಗಿ ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಇದು ಬಾಗುತ್ತದೆ, ಅದಕ್ಕೇ ಏಟಿಗೆ ಬಿರುಕು ಬಿಡುವುದಿಲ್ಲ. ಬೈಕಿನ ಹಿಂದೆ ಕಟ್ಟಿಕೊಂಡು ಪಾಂಡವಪುರದಿಂದ ಕೆ.ಆರ್. ಪೇಟೆಗೆ, ಅಲ್ಲಿಂದ ಮೇಲುಕೋಟೆಗೆ ಓಡಾಡುವ ವಾದ್ಯಕ್ಕೆ ಇದು ಸಣ್ಣ ವಿಷಯವಲ್ಲ. ಬೆಲ್ ಕಡೆಯ ದೊಡ್ಡ ಪ್ಯಾಡುಗಳಿಗೆ ನಾನು ಧಾರಾಳವಾಗಿ ಹಾಕುತ್ತೇನೆ. ಆದರೆ ಗನ್ನಿನಿಂದ ನೇರವಾಗಿ ಬಟ್ಟಲಿಗೆ ಸುರಿಯಬೇಡಿ. ತಣ್ಣಗಿರುವ ಲೋಹ ಮುಟ್ಟಿದ ಕೂಡಲೇ ಅದು ಗಡ್ಡೆ ಕಟ್ಟುತ್ತದೆ. ಕಡ್ಡಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಬಟ್ಟಲಲ್ಲಿ ಹಾಕಿ, ಅರಗಿನ ಹಾಗೇ ಹೊರಗಿನಿಂದ ಬಿಸಿ ಮಾಡಿ. ಬೆಚ್ಚಗಿರುವಾಗ ಪ್ಯಾಡ್ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಹಾಗಾಗಿ ಪೂರ್ತಿ ತಣಿಯುವವರೆಗೂ ಕಾಯಿರಿ. ಎಫ್, ಇ, ಡಿ ಕೀಗಳ ಸಾಲಿಗೆ ಮಾತ್ರ ನನ್ನ ಆಯ್ಕೆ ಅರಗೇ. ಅಲ್ಲಿ ಒಂದು ಕೀ ಇನ್ನೊಂದನ್ನು ಮುಚ್ಚುತ್ತದೆ. ಒಂದು ಪ್ಯಾಡ್ ಕೂದಲೆಳೆಯಷ್ಟು ಸರಿದರೂ ಅದರ ಕೆಳಗಿನ ಎಲ್ಲ ಸ್ವರಗಳೂ ಕೆಡುತ್ತವೆ.

ಕಡ್ಡಿ ಕೊಳ್ಳುವಾಗ ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆ ಅಂತ ಕೇಳಿ. ಏಪ್ರಿಲ್ ತಿಂಗಳಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟಬಹುದು. ತೀರಾ ಕಡಿಮೆ ಬಿಸಿಗೇ ಮೆತ್ತಗಾಗುವ ಕಡ್ಡಿಯಾದರೆ ಪೆಟ್ಟಿಗೆಯಲ್ಲಿ ಮಲಗಿದ್ದಲ್ಲೇ ಪ್ಯಾಡ್ ಜಾರುತ್ತದೆ. ಅರಗೂ ಆ ಬಿಸಿಗೆ ಹತ್ತಿರ ಹತ್ತಿರ ಮೆತ್ತಗಾಗುತ್ತದೆ. ವೈರಮುಡಿಗೆ ಮೇಲುಕೋಟೆಗೆ ಹೋದಾಗ ವಾದ್ಯವನ್ನು ಡಿಕ್ಕಿಯಲ್ಲಿ ಬಿಟ್ಟು ಬೆಟ್ಟ ಹತ್ತಬೇಡಿ, ಜೊತೆಗೇ ತೆಗೆದುಕೊಂಡು ಹೋಗಿ.

ಇನ್ನು ಹಾಕಬಾರದ ಅಂಟುಗಳು. ಮೊದಲು ಸೂಪರ್ ಗ್ಲೂ. ಮಂಡ್ಯ ಕಡೆಯ ಒಂದು ವಾಲಗ ತಂಡದವರು ಒಂದು ಆಲ್ಟೊ ಸ್ಯಾಕ್ಸ್ ತಂದಿದ್ದರು. ನುಡಿಸುವವರು ಒಳ್ಳೆಯ ಕಲಾವಿದರು. ಕೆಳಗಿನ ಸ್ವರಗಳಿಗೆ ಉಸಿರು ಸಾಲುತ್ತಿಲ್ಲ, ವಯಸ್ಸಾಯಿತೇನೋ ಅಂತ ಬೇಜಾರು ಮಾಡಿಕೊಂಡಿದ್ದರು. ಕೀ ಬಿಚ್ಚಿ ನೋಡಿದೆ. ಎಫ್ ಕೀಯ ಬಟ್ಟಲಿನ ಅಂಚಿನಲ್ಲಿ ಸುಣ್ಣದ ಹಾಗೆ ಬಿಳಿ ಮಬ್ಬು. ಸೂಪರ್ ಗ್ಲೂ ಒಣಗುವಾಗ ಅದರ ಹೊಗೆ ಕೂತು ಆಗುವ ಗುರುತು ಅದು. ಪ್ಯಾಡ್ ಒಂದು ಪಕ್ಕಕ್ಕೆ ವಾಲಿತ್ತು. ಅಂಟು ಒಂದೆರಡು ಉಸಿರಿನಲ್ಲಿ ಹಿಡಿದುಬಿಟ್ಟಿದೆ, ಸರಿಪಡಿಸಲು ಯಾರಿಗೂ ಹೊತ್ತು ಕೊಟ್ಟಿಲ್ಲ. ರಟ್ಟು ಅಂಟನ್ನು ಕುಡಿದು ಹಲಗೆಯಂತಾಗಿತ್ತು. ಬಿಡಿಸಲು ಅಸಿಟೋನ್ ಬೇಕು. ಹಳೇ ವಾದ್ಯದ ಲ್ಯಾಕರ್ ಅಸಿಟೋನ್ ತಾಗಿದರೆ ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಕ್ಲಾರಿನೆಟ್ ಆದರೆ ಮೈಯೇ ಕರಗುತ್ತದೆ. ಹಾಗಾಗಿ ಕೀಯನ್ನು ಪಕ್ಕಕ್ಕಿಟ್ಟು, ಪ್ಯಾಡನ್ನು ಚೂರು ಚೂರಾಗಿ ಕೆತ್ತಿ ತೆಗೆಯಬೇಕಾಯಿತು. ಹೊಸ ಪ್ಯಾಡ್ ಅರಗಿನ ಮೇಲೆ ಕೂತ ಮೇಲೆ ಅವರು ಕೆಳಗಿನ ಷಡ್ಜವನ್ನು ಮೆಲ್ಲಗೆ, ಪಿಸುಗುಟ್ಟಿದ ಹಾಗೆ ಊದಿದರು. ಬಂತು. ಉಸಿರಿಗೆ ಏನೂ ಆಗಿರಲಿಲ್ಲ.

ಎಪಾಕ್ಸಿಯ ಬಗ್ಗೆ ಮಾತೇ ಬೇಡ, ಅದು ಬಿಡುವುದೇ ಇಲ್ಲ. ಮರಗೆಲಸದ ಬಿಳಿ ಅಂಟು ನೀರಿನದು. ಲೋಹದ ಬಟ್ಟಲಿನೊಳಗೆ ಗಾಳಿ ಆಡದೆ ಒಣಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ರಟ್ಟು ಉಬ್ಬಿರುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಇರುವ ಹಳದಿ ರಬ್ಬರ್ ಅಂಟು ಮಾತ್ರ ಎಸೆಯಬೇಡಿ. ಅದಕ್ಕೆ ಬೇರೆ ಜಾಗವಿದೆ. ಕೀಗಳ ಕೆಳಗೆ ಸದ್ದಾಗದಿರಲಿ ಅಂತ ಕಾರ್ಕು, ಫೆಲ್ಟಿನ ತುಂಡು ಇರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಎರಡೂ ಕಡೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಕೈಗೆ ಅಂಟದಷ್ಟು ಒಣಗಿದಾಗ ಒತ್ತಿ. ಅಲ್ಲಿ ಸರಿಸಾಡುವ ಅಗತ್ಯ ಇಲ್ಲ, ಹಿಡಿದರೆ ಸಾಕು. ಪ್ಯಾಡಿನ ಕೆಳಗೆ ಅದು ಬೇಡ, ತೆಳ್ಳನೆ ಪದರವಾಗಿಬಿಡುವುದರಿಂದ ಹಾಸಿಗೆಯಾಗುವುದಿಲ್ಲ.

ಕ್ಲಾರಿನೆಟ್‌ನವರಿಗೆ ಎರಡು ಮಾತು. ನಿಮ್ಮ ಪ್ಯಾಡ್ ಚಿಕ್ಕದು, ಮೇಲಿನ ಹೊದಿಕೆ ಚರ್ಮವಲ್ಲ, ದನದ ಕರುಳಿನ ಬಲು ತೆಳುವಾದ ಪೊರೆ. 1812ರಲ್ಲಿ ಇವಾನ್ ಮ್ಯೂಲರ್ ಉಣ್ಣೆ ತುಂಬಿದ ಚರ್ಮದ ಪ್ಯಾಡ್ ಇಟ್ಟು ಹದಿಮೂರು ಕೀಗಳ ಕ್ಲಾರಿನೆಟ್ ತೋರಿಸಿದ. ಅದಕ್ಕೆ ಮುಂಚೆ ಚಪ್ಪಟೆ ಕೀಗೆ ಚಪ್ಪಟೆ ಚರ್ಮ, ಸೋರುತ್ತಿತ್ತು. ಸೋರುವ ಕೀಗಳನ್ನು ಜಾಸ್ತಿ ಹಾಕಲು ಯಾರಿಗೆ ಧೈರ್ಯ ಬರುತ್ತದೆ? ಒಳ್ಳೆ ಪ್ಯಾಡ್ ಬಂದ ಮೇಲೇ ವಾದ್ಯಕ್ಕೆ ಇಷ್ಟೊಂದು ಕೀ ಬಂದದ್ದು. ನಿಮ್ಮ ಬಟ್ಟಲು ಚಿಕ್ಕದಾದ್ದರಿಂದ ಬೇಗ ಕಾಯುತ್ತದೆ, ಪೊರೆ ಬೇಗ ಸುಡುತ್ತದೆ. ಉರಿಯನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿದರೆ ಸಾಕು. ವಾದ್ಯದ ಮೈ ಮರವೋ, ಎಬೊನೈಟೋ, ಪ್ಲಾಸ್ಟಿಕ್ಕೋ ಆಗಿರುವುದರಿಂದ ಕೀ ಜೋಡಿಸಿದ ಮೇಲೆ ಬೆಂಕಿ ಹತ್ತಿರ ತರಬೇಡಿ. ಬಿಸಿ ಮಾಡಿದ ಲೋಹದ ತುಂಡನ್ನು ಬಟ್ಟಲಿಗೆ ತಾಗಿಸಿ ಹಿಡಿಯಿರಿ. ಪಾಶ್ಚಾತ್ಯ ಕೊಳಲು ನುಡಿಸುವವರು ಯಾರಾದರೂ ಇದ್ದರೆ, ನಿಮ್ಮ ದೊಡ್ಡ ಪ್ಯಾಡುಗಳು ಅಂಟಿನಿಂದ ನಿಂತಿಲ್ಲ. ಸ್ಕ್ರೂ, ವಾಷರ್‌ನಿಂದ ನಿಂತಿವೆ. ತೆಳು ಕಾಗದದ ಚೂರು ಇಟ್ಟು ಸಮ ಮಾಡುತ್ತಾರೆ. ಅರಗು ಬೇಕಾಗುವುದು ಚಿಕ್ಕ ಟ್ರಿಲ್ ಕೀಗಳಿಗೆ ಮಾತ್ರ.

ರಿಪೇರಿಗೆ ಕೊಡುವಾಗ ಒಂದು ಪ್ರಶ್ನೆ ಕೇಳಿ: ಯಾವ ಅಂಟು ಹಾಕುತ್ತೀರಿ? ಕೇಳಲು ಸಂಕೋಚ ಬೇಡ. ವಾದ್ಯ ನಿಮ್ಮದು, ಅದರಲ್ಲೇ ನಿಮ್ಮ ಅನ್ನ ಇದೆ. ಕೆಲಸ ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ.

ರಾತ್ರಿ ಮೆರವಣಿಗೆಯ ನಡುವೆ ಪ್ಯಾಡ್ ಉದುರಿದರೆ ಏನು ಮಾಡುವುದು ಅಂತ ಮುಂದೆ ಕೂತವರು ಆಗಲೇ ಕೇಳಿದ್ದರು. ಮೊದಲು ಆ ಪ್ಯಾಡನ್ನು ಹುಡುಕಿ ಜೇಬಿಗೆ ಹಾಕಿಕೊಳ್ಳಿ, ಹೊಸದು ಅಷ್ಟು ಚೆನ್ನಾಗಿ ಕೂರುವುದಿಲ್ಲ. ಅದರ ಮೇಲೆ ರಂಧ್ರದ ಅಂಚಿನ ದುಂಡು ಗುರುತು ಇರುತ್ತದೆ. ಬಟ್ಟಲಿನಲ್ಲಿ ಒಡೆದ ಅರಗು ಇನ್ನೂ ಅಂಟಿಕೊಂಡಿರುತ್ತದೆ. ಪ್ಯಾಡಿನ ಬೆನ್ನಿನ ಅರಗೂ ಬಟ್ಟಲಿನ ಅರಗೂ ಒಡೆದ ಕಡೆ ಒಂದಕ್ಕೊಂದು ಹೊಂದುತ್ತವೆ. ತಿರುಗಿಸುತ್ತಾ ಹೋಗಿ, ಒಂದೇ ಒಂದು ಜಾಗದಲ್ಲಿ ಟಕ್ ಅಂತ ಕೂರುತ್ತದೆ. ಹಾಗೆ ಕೂರಿಸಿ, ಲೈಟರ್ ಉರಿಯನ್ನು ಬಟ್ಟಲಿನ ಬೆನ್ನಿಗೆ ಆಡಿಸಿ, ಕೀಯನ್ನು ರಂಧ್ರದ ಮೇಲೆ ಹಗುರವಾಗಿ ಮುಚ್ಚಿ ಹಿಡಿಯಿರಿ. ಡೋಲಿನವರಿಗೆ ಒಂದು ತನಿ, ಅಂದರೆ ಡೋಲು ಮಾತ್ರ, ನುಡಿಸಲು ಹೇಳಿ. ಅದು ಮುಗಿಯುವಷ್ಟರಲ್ಲಿ ಅರಗು ತಣಿದಿರುತ್ತದೆ.